20 ಎಂಎಲ್ ಹಾಲು, ಅರ್ಧ ಗಂಟೆ

ಮಡಿಕೇರಿ ಜುಲೈ ಮಳೆ ಗೊತ್ತಲ್ಲ, ನಮ್ಮ ವಾರ್ಡಲ್ಲಿ ಮಗು ಬಟ್ಟೆ ಒಣಗಿಸೋದೇ ಒಂದು ಕೆಲ್ಸ. ನಾನು ಹಸುಗೂಸುಗಳ ಐಸಿಯುನಲ್ಲಿ ನರ್ಸ್, ಒಂಬತ್ತು ವರ್ಷ ಆಯ್ತು. ಇಷ್ಟು ವರ್ಷ ಆದ್ಮೇಲೂ ಹೀಗೊಂದು ತಪ್ಪು ಮಾಡ್ದೆ.

ಸಿದ್ದಾಪುರ ಕಡೆ ಎಸ್ಟೇಟ್ ಲೈನ್ ಮನೆ ಹುಡುಗಿ, 31 ವಾರಕ್ಕೇ ಹೆರಿಗೆ, ಮಗು 1.4 ಕೆಜಿ. ಮೊದಲೆಲ್ಲ ಬಾಯಿಂದ ಹೊಟ್ಟೆಗೆ ಟ್ಯೂಬ್ ಹಾಕಿ ತಾಯಿ ಹಾಲು ಕೊಟ್ವಿ, ಬಸಿರಿನ ಲೆಕ್ಕದಲ್ಲಿ 33 ವಾರ ದಾಟಿದ್ಮೇಲೆ ಒಳಲೆ, ಅಂದ್ರೆ ಮೂತಿ ಇರೋ ಪುಟ್ಟ ಬಟ್ಟಲಲ್ಲಿ ಕುಡಿಸೋದು ಶುರು ಮಾಡಿದ್ವಿ. ಎರಡು ಗಂಟೆಗೊಮ್ಮೆ 20 ಎಂಎಲ್. ಒಂದು ರಾತ್ರಿ ನಾಲ್ಕು ಮಕ್ಕಳಿಗೆ ಫೀಡ್ ಟೈಮ್ ಒಟ್ಟಿಗೇ ಬಂತು, ನಾನೊಬ್ಳೇ, ಚಾರ್ಟಲ್ಲಿ 20 ಅಂತ ಬರೀಬೇಕು ಅನ್ನೋದೊಂದೇ ತಲೇಲಿ, ಒಳಲೆ ಸ್ವಲ್ಪ ಜಾಸ್ತಿನೇ ವಾಲಿಸಿಬಿಟ್ಟೆ. ಮಗು ಹುಬ್ಬು ಗಂಟಿಕ್ಕಿ, ಕೈಬೆರಳು ಅಗಲ ಮಾಡಿ ಬೇಡ ಬೇಡ ಅಂತಾನೇ ಇತ್ತು, ನಾನು ನೋಡ್ಲಿಲ್ಲ. ಆಕ್ಸಿಜನ್ 97ರಿಂದ 76ಕ್ಕೆ ಇಳೀತು, ತುಟಿ ನೀಲಿ. ಬಾಯಲ್ಲಿದ್ದ ಹಾಲನ್ನ ಸಕ್ಷನ್ ಪೈಪಲ್ಲಿ ಎಳೆದು, ಬೆನ್ನು ಉಜ್ಜಿದ್ಮೇಲೆ ಸರಿ ಹೋಯ್ತು ಅನ್ನಿ, ಆದ್ರೆ ಆ ತಾಯಿ ಎದುರಿಗೇ ಕೂತಿದ್ಳು.

ಮಾರನೇ ದಿನ ಮೊಬೈಲ್ ಹಿಡ್ಕೊಂಡು ಬಂದ್ಳು. "ಸಿಸ್ಟರ್, ತಮ್ಮ ವಿಡಿಯೋ ಕಳಿಸಿದ್ದಾನೆ, ಫಾರಿನ್‌ನಲ್ಲಿ ತಲೆ ಹಿಂದೆ ಬೆರಳಿಟ್ಟು ಹಿಡ್ಕೊಂಡ್ರೆ ಮಗು ಚೀಪೋಕೆ ಕಲಿಯುತ್ತಂತೆ, ಇಲ್ಲಿ ಮಾಡಲ್ವಾ?" ಪಕ್ಕದಲ್ಲಿದ್ದ ಅವಳ ಅತ್ತೆ ತಕ್ಷಣ, "ಅದನ್ನೇ ನಾನು ಹೇಳಿದ್ದು, ಎಣ್ಣೆ ಹಾಕಿ ತಲೆ ಒತ್ತಿದ್ರೆ ಸರಿ ಹೋಗುತ್ತೆ."

ಆಸ್ಟಿಯೋಪತಿ ಅಂತೆ ಅದು. ನಂಗೂ ಗೊತ್ತಿರ್ಲಿಲ್ಲ, ರೌಂಡ್ಸ್‌ಗೆ ಬಂದ ಡಾಕ್ಟರ್‌ನ ಕೇಳ್ದೆ. 1874ರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಶುರು ಮಾಡಿದ, ಕೈಯಿಂದಲೇ ಮಾಡೋ ಚಿಕಿತ್ಸಾ ಪದ್ಧತಿ. ನಾಲಿಗೆ ಆಡಿಸೋ ನರ ತಲೆಬುರುಡೆ ಬುಡದಿಂದ ಹೊರಗೆ ಬರುತ್ತಲ್ಲ, ಹೆರಿಗೇಲಿ ಅಲ್ಲಿ ಬಿಗಿ ಆಗಿದ್ರೆ ಚೀಪೋದು ಕಷ್ಟ ಆಗುತ್ತೆ, ಹಗುರವಾಗಿ ಹಿಡಿದ್ರೆ ಸಡಿಲ ಆಗುತ್ತೆ ಅನ್ನೋದು ಅವರ ವಾದ. ಇಟಲಿ ಆಸ್ಪತ್ರೆಗಳ ಕೆಲವು ಅಧ್ಯಯನದಲ್ಲಿ ಮಕ್ಕಳು ಬೇಗ ಡಿಸ್ಚಾರ್ಜ್ ಆಗಿದ್ದೂ ಉಂಟಂತೆ, ಆದ್ರೆ ಅದ್ರಿಂದ್ಲೇ ಹಾಲು ಕುಡಿಯೋದು ಸುಧಾರಿಸುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ ಅಂದ್ರು. ಅಜ್ಜಿ ಒತ್ತೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ನೆತ್ತಿ ಇನ್ನೂ ಮೆತ್ತಗಿರೋ ಮಗು, ಯಾರೂ ತಲೆ ಮುಟ್ಟಿ ಒತ್ತಬಾರದು ಅಂತ ಖಡಾಖಂಡಿತವಾಗಿ ಹೇಳಿದ್ರು.

ಆಮೇಲೆ ನನ್ನ ಕಡೆ ತಿರುಗಿ, "ಮಗುಗೆ ಚೀಪೋದು, ನುಂಗೋದು, ಉಸಿರಾಡೋದು ಮೂರೂ ತಾಳ ಕೂಡೋದೇ ಸುಮಾರು 34 ವಾರಕ್ಕೆ, ನೀವು 33ಕ್ಕೇ ಓಡಿಸ್ತಿದ್ದೀರಿ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಆವತ್ತಿಂದ ಫೀಡ್ ಕೊಡೋ ರೀತಿ ಬದಲಾಯಿಸ್ದೆ. ಮೊದ್ಲು ಕಾಂಗರೂ ಥರ ಅಮ್ಮನ ಎದೆಗೆ ಬರೀ ಮೈಗೆ ಮೈ ತಾಗೋ ಹಾಗೆ ಕಟ್ಟಿ, ಮೇಲಿಂದ ಅವಳ ಸ್ವೆಟರ್ ಹೊದಿಸ್ತೀನಿ, ಮಳೇಲಿ ಬೇರೆ ದಾರಿನೂ ಇಲ್ಲ. ಹಾಲು ಹಿಂಡಿ ತೆಗೆದ ಮೊಲೆಗೆ ಹಾಕಿ ಬರೀ ಚೀಪಿಸ್ತೀವಿ, ಅದು ಅಭ್ಯಾಸ. ಆಮೇಲೆ ಮಗುನ ಅರ್ಧ ಕೂರಿಸಿ, ಒಳಲೆ ತುದಿ ಕೆಳತುಟಿಗೆ ತಾಗಿಸಿ ಕಾಯ್ತೀನಿ. ನಾಲಿಗೆ ತಾನಾಗೇ ಮುಂದೆ ಬರುತ್ತೆ, ನಾಲ್ಕು ಹನಿ, ಗುಟುಕ್ ಅನ್ನೋ ಸದ್ದು, ಒಂದು ಉಸಿರು, ಆಮೇಲೆ ಮತ್ತೆ ನಾಲ್ಕು ಹನಿ. ಅರ್ಧ ಗಂಟೆ ಆಗೋಷ್ಟರಲ್ಲಿ ಸುಸ್ತಾದ್ರೆ ಬಾಕಿ ಟ್ಯೂಬಲ್ಲಿ. ಚಾರ್ಟಲ್ಲಿ ಒಳಲೆ 12, ಟ್ಯೂಬ್ 8 ಅಂತ ಬರೆಯೋಕೆ ಮೊದಲು ನಾಚಿಕೆ ಆಗ್ತಿತ್ತು, ಈಗ ಇಲ್ಲ. ಆ ಹುಡುಗಿಗೂ ಕಲಿಸ್ದೆ, ನಿಜ ಹೇಳ್ಬೇಕಂದ್ರೆ ನನಗಿಂತ ಅವಳಿಗೇ ತಾಳ್ಮೆ ಜಾಸ್ತಿ.

35 ವಾರಕ್ಕೆ ಮಗು ಮೊಲೆ ಹಿಡೀತು. ಡಿಸ್ಚಾರ್ಜ್ ದಿನ ಅಜ್ಜಿ ಮೆಲ್ಲಗೆ ಬಂದು, "ಈಗ ಎಣ್ಣೆ ಹಾಕ್ಬಹುದಾ ಸಿಸ್ಟರ್?" ಅಂದ್ರು. ತೂಕ ಇನ್ನೂ ಸ್ವಲ್ಪ ಬರ್ಲಿ, ಡಾಕ್ಟರ್ ಹೇಳಿದ್ಮೇಲೆ ಕೈಕಾಲಿಗೆ ಹಾಕಿ ಅಜ್ಜಿ, ತಲೆ ಒತ್ತಬೇಡಿ ಅಂದೆ. ಮುಖ ಸಣ್ಣ ಮಾಡ್ಕೊಂಡ್ರು, ಆದ್ರೂ ಹೂಂ ಅಂದ್ರು.