ದುಡ್ಡು ಕೊಟ್ಟು ದುರ್ಯೋಧನ ಆಗುವವರ ಸೀಮೆ

ಪಕ್ಕದ ಮನೆಯಾಕೆ ‘ಕಾಂತಾರ’ ನೋಡಿದ್ದಾರೆ. ನಿವೃತ್ತ ಟೀಚರು, ಇಲ್ಲಿ ಇಂಗ್ಲೆಂಡಿನ ಸ್ವಿಂಡನ್ನಿನ ಹವ್ಯಾಸಿ ಸಂಘವೊಂದರಲ್ಲಿ ಚಳಿಗಾಲ ಬಂತೆಂದರೆ ಪ್ಯಾಂಟೊಮೈಮ್ ಆಡುವವರು. ಅದು ಮೂಕಾಭಿನಯವಲ್ಲ, ಗಂಡಸೇ ಹೆಣ್ಣುವೇಷ ಹಾಕಿ ಬರುವ, ಹಾಡು ಹಾಸ್ಯದ ಇಲ್ಲಿಯ ನಾಟಕ. ‘ನಿಮ್ಮೂರಲ್ಲೂ ಹೀಗೇ ದೈವ ಕುಣಿಯುತ್ತದಾ?’ ಎಂದು ಕೇಳಿದರು. ಅದು ಕರಾವಳಿ, ನಮ್ಮದು ತುಮಕೂರು. ನಮ್ಮಲ್ಲಿ ರೈತರು, ಮೇಷ್ಟ್ರುಗಳು, ಟೆಂಪೊ ಓಡಿಸುವವರು ಕೈಯಿಂದ ದುಡ್ಡು ಹಾಕಿ ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ ಎಂದದ್ದಕ್ಕೆ ಆಕೆಯ ಹುಬ್ಬು ಮೇಲೇರಿತು. ‘ದುಡ್ಡು ಕೊಟ್ಟರೆ ಪಾತ್ರವಾ? ಮತ್ತೆ ಅವರಿಗೆ ನಟನೆ ಬರುತ್ತದೋ ಇಲ್ಲವೋ ಅಂತ ನೋಡುವವರು ಯಾರು?’

ಹಾರ್ಮೋನಿಯಂ ಮೇಷ್ಟ್ರು. ಬೇರೆ ಯಾರೂ ಇಲ್ಲ.

ಸುಗ್ಗಿ ಮುಗಿದ ಮೇಲೆ ಊರವರು ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ರಾತ್ರಿ ಊಟವಾದ ಮೇಲೆ ಶಾಲೆ ಜಗಲಿಯಲ್ಲೋ ಗುಡಿಯ ಮುಂದೋ ತಾಲೀಮು, ಎರಡು ಮೂರು ತಿಂಗಳು. ‘ಯಾವ್ ಪಾರ್ಟಣ್ಣ ನಿಂದು?’ ಅನ್ನುವುದು ಆಗ ಊರಲ್ಲಿ ಕ್ಷೇಮಸಮಾಚಾರದ ಮಾತು. ಕೃಷ್ಣ, ದುರ್ಯೋಧನ ದುಬಾರಿ. ಆಮೇಲೆ ಕರ್ಣ, ಅರ್ಜುನ, ಭೀಮ. ಸಾತ್ಯಕಿ, ವಿಕರ್ಣ ಅಗ್ಗ. ಹಾಡು ಎಷ್ಟಿವೆ ಅನ್ನುವುದರ ಮೇಲೆ ರೇಟು, ಕಥೆಯಲ್ಲಿ ಪಾತ್ರದ ತೂಕದ ಮೇಲಲ್ಲ. ಕೃಷ್ಣನ ಪಾರ್ಟಿಗೆ ಇಬ್ಬರು ಪಟ್ಟು ಹಿಡಿದರೆ ನಾಟಕವನ್ನೇ ಅರ್ಧ ಮಾಡಿ, ಮೊದಲನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚುತ್ತಾರೆ. ದುರ್ಯೋಧನನಿಗೂ ಅಷ್ಟೆ. ಹೊರಗಿನವರಿಗೆ ನಗು ಬರಬಹುದು. ಆದರೆ ಬೆಳಗಿನ ಜಾವದವರೆಗೆ ಒಂದೇ ಗಂಟಲು ತಡೆಯುವುದಿಲ್ಲ ಅನ್ನುವುದೂ ನಿಜ. ಹೀಗೆ ಸೇರಿದ ದುಡ್ಡೆಲ್ಲ ಸೀನರಿ, ಡ್ರೆಸ್ಸು, ಮೇಕಪ್ಪು, ಮೈಕ್ ಸೆಟ್ಟು, ತಬಲಾ, ಹೊರಗಿಂದ ಕರೆಸುವ ನಟಿಯರು ಮತ್ತು ಮೇಷ್ಟ್ರ ಸಂಭಾವನೆಗೆ ಹೋಗುತ್ತದೆ. ನೋಡುವವರಿಗೆ ಟಿಕೆಟ್ ಇಲ್ಲ.

ಮೇಷ್ಟ್ರು ಮೊದಲು ಹುಡುಕುವುದು ನಟನೆಯನ್ನಲ್ಲ, ಶ್ರುತಿಯನ್ನು. ಒಬ್ಬನ ಗಂಟಲು ಹಾರ್ಮೋನಿಯಂನ ಕಪ್ಪು ಒಂದನೇ ಮನೆಯ ಶ್ರುತಿಗೆ ನಿಂತರೆ ಇನ್ನೊಬ್ಬ ಅದಕ್ಕಿಂತ ಮೇಲೆ ಹೋಗುತ್ತಾನೆ, ಮೂರನೆಯವನು ಹಾಡುತ್ತ ಹಾಡುತ್ತ ಎಲ್ಲಿಗೆ ಬೇಕಾದರೂ ಹೋಗುತ್ತಾನೆ. ಮೈಕಿಲ್ಲದ ಕಾಲದ ವೃತ್ತಿ ನಾಟಕ ಕಂಪನಿ ನಟರು ಕೊನೇ ಸಾಲಿಗೆ ಕೇಳಲೆಂದು ಇನ್ನೂ ಮೇಲಿನ ಬಿಳಿ ನಾಲ್ಕನೇ ಮನೆಯ ಎತ್ತರದಲ್ಲಿ ಹಾಡುತ್ತಿದ್ದರು. ಅದೇ ಗತ್ತು ತನಗೂ ಬೇಕೆಂದು ಹಟ ಹಿಡಿದವನ ಗಂಟಲು ಮೊದಲ ದರ್ಬಾರಿನಲ್ಲೇ ಒಡೆಯುತ್ತದೆ. ಅನುಭವಸ್ಥ ಮೇಷ್ಟ್ರು ಅವನಿಗೆ ಗೊತ್ತಾಗದ ಹಾಗೆ ಒಂದು ಮನೆ ಇಳಿಸಿಬಿಡುತ್ತಾರೆ. ಕಂದಪದ್ಯದಲ್ಲಿ ಸಾಲು ಮರೆತವನಿಗೆ ಮುಂದಿನ ಪದ ಎತ್ತಿಕೊಡುವುದು, ತಾಳ ತಪ್ಪಿದವನಿಗಾಗಿ ತಬಲಾದವನನ್ನು ಕಣ್ಣಲ್ಲೇ ತಡೆಯುವುದು, ಆಲಾಪ ನಿಲ್ಲಿಸದವನ ಬಾಯಿಗೆ ಮುಕ್ತಾಯದ ಸ್ವರ ತುರುಕುವುದು ಎಲ್ಲ ಆ ಪೆಟ್ಟಿಗೆಯ ಹಿಂದಿನಿಂದಲೇ. ಶಕುನಿಯ ಪಾರ್ಟು ಕೊಡುವಾಗ ಮಾತ್ರ ಮೇಷ್ಟ್ರು ದಾಕ್ಷಿಣ್ಯ ನೋಡುವುದಿಲ್ಲ. ಹಾಡು ಕಡಿಮೆ, ಮಾತೇ ಬಂಡವಾಳ. ಸಂಗೀತದಿಂದ ಮುಚ್ಚಿಹಾಕಲು ಅಲ್ಲಿ ಏನೂ ಇಲ್ಲ.

ಕೆಡುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲಿ. ಗಣ್ಯರು, ಹಾರ, ಶಾಲು, ಭಾಷಣ ಮುಗಿಯುವಾಗಲೇ ಹತ್ತು ದಾಟಿರುತ್ತದೆ. ಕರ್ಣ ಹಾಡಿಗೆ ನಿಂತ ಕೂಡಲೇ ಅವನ ಭಾವಮೈದುನ ನೋಟು ತಂದು ಮುಯ್ಯಿ ಮಾಡುತ್ತಾನೆ, ಮೈಕಿನಲ್ಲಿ ಹೆಸರು ಕೂಗಬೇಕು, ಹಾಡು ಇನ್ನೊಂದು ಸಲ ಆಗಬೇಕು. ಒಬ್ಬನಿಗೆ ಹೀಗಾದರೆ ಉಳಿದವರ ನೆಂಟರು ಸುಮ್ಮನಿರುತ್ತಾರೆಯೇ? ಸಂಧಾನದ ಸೀನು ಮುಗಿಯುವಾಗ ಕೋಳಿ ಕೂಗಿರುತ್ತದೆ. ಅಗ್ಗದ ಪಾರ್ಟಿನ ಹುಡುಗ ಬಣ್ಣ ಹಚ್ಚಿಕೊಂಡು ಸೈಡ್ ವಿಂಗಿನಲ್ಲಿ ನಿದ್ದೆ ಹೊಡೆದು, ಕೊನೆಗೆ ಎರಡು ಮಾತಾಡಿ ಒಳಗೆ ಬರುತ್ತಾನೆ. ಗದಾಯುದ್ಧವನ್ನು ನೋಡುವವರು ಸೀನರಿ ಬಿಚ್ಚಲು ಕಾದವರು ಮಾತ್ರ. ಇಲ್ಲಿಯ ಸಂಘದಲ್ಲಿ ಎರಡೂವರೆ ಗಂಟೆ ಎಂದರೆ ಎರಡೂವರೆ ಗಂಟೆ, ನಡುವೆ ಐಸ್‌ಕ್ರೀಮಿಗೆ ಬಿಡುವು. ಈ ಒಂದನ್ನು ನಾವು ಕಲಿತರೆ ನಷ್ಟವೇನಿಲ್ಲ.

ಉಳಿದಂತೆ ಪ್ಯಾಂಟೊಮೈಮ್ ನೋಡಿದವರಿಗೆ ನಮ್ಮ ಕಂಪನಿ ನಾಟಕ ಅಪರಿಚಿತವಲ್ಲ. ಹಿಂದೆ ಅರಮನೆ ಜೋಡಿಸುವಾಗ ಬೀದಿ ಪರದೆ ಇಳಿಬಿಟ್ಟು ಮುಂದೆ ಹಾಸ್ಯಗಾರರನ್ನು ಬಿಡುವ ಉಪಾಯ ಎರಡೂ ಕಡೆ ಒಂದೇ. ಗಂಡಸು ಸೀರೆ ಉಟ್ಟು ಬರುವುದು ಕಂಪನಿಗಳಿಗೂ ಹೊಸದಾಗಿರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿಗೆಲ್ಲ ಕೊಂಡೊಯ್ದ ವೀರಣ್ಣನವರು ಜನಕ್ಕೆ ಬೇಕಾಗಿದ್ದದ್ದು ಹಾಸ್ಯಗಾರರಾಗಿಯೇ. ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜ್‌ಕುಮಾರ್, ಜೊತೆಗೆ ಬಂದ ತಿಪಟೂರಿನ ನರಸಿಂಹರಾಜು ಇಬ್ಬರೂ ಕಂಪನಿಯ ಹಲಗೆ ಮೇಲೆ ಪಳಗಿದವರು. ಆ ಕಾಲದ ಚಿತ್ರಗಳಲ್ಲಿ ಮಾತು ಅಷ್ಟು ಸ್ಪಷ್ಟವಾಗಿ ಕೇಳುವುದಕ್ಕೆ ರೆಕಾರ್ಡಿಂಗ್ ಮಾತ್ರ ಕಾರಣವಲ್ಲ. ಇವತ್ತಿನ ಹೀರೊ ಎಂಟ್ರಿ ನೋಡಿ: ಮೊದಲು ದನಿ, ಆಮೇಲೆ ಕಾಲು, ಸುತ್ತಲಿನವರ ಬೆರಗು, ಕೊನೆಗೆ ಮುಖ, ಕೂಡಲೇ ಹಾಡು. ಪರದೆ ಒಳಗಿಂದಲೇ ರಾಗ ಎಳೆದು ಆಮೇಲೆ ಹೊರಬರುವ ದುರ್ಯೋಧನನಿಗೂ ಇದಕ್ಕೂ ನೆಂಟಸ್ತಿಕೆ ಇದೆ ಅನ್ನುವುದು ನನ್ನ ಅನುಮಾನ. ಹಳ್ಳಿಯ ಸಿನಿಮಾ ಅಭಿಮಾನಿ ವರ್ಷಕ್ಕೊಂದು ರಾತ್ರಿ ತಾನೇ ಕಿರೀಟ ಇಟ್ಟುಕೊಂಡು ನಿಲ್ಲುತ್ತಾನೆ. ಇಲ್ಲಿಯ ಅಭಿಮಾನಿಗೆ ಟೀ ಶರ್ಟೇ ಗತಿ.

ಬೇಜಾರಿನ ವಿಷಯ ಬೇರೆ ಇದೆ. ಕರಾವಳಿಗೆ ಒಂದು ಸಿನಿಮಾ ಸಿಕ್ಕಿತು, ಜಗತ್ತು ನೋಡಿತು. ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನ ಅಂದರೆ ನಮ್ಮ ಬಯಲುಸೀಮೆಯದೇ ಯಕ್ಷಗಾನ, ಅದರ ಊದುವ ವಾದ್ಯ ಮುಖವೀಣೆ, ಹೆಗಲ ಮೇಲಿನ ಭಾರಿ ಭುಜಕೀರ್ತಿ ತುಮಕೂರಿನ ಮಕ್ಕಳಿಗೇ ಗೊತ್ತಿಲ್ಲ. ಯಕ್ಷಗಾನ ಎಂದರೆ ಮಂಗಳೂರಿನದು ಎಂದು ಅವರೇ ಹೇಳುತ್ತಾರೆ.

ಇನ್ನೊಂದು, ಹೆಂಗಸರದು. ಇಲ್ಲಿಯ ಸಂಘದಲ್ಲಿ ಲೈಟು ಬಿಡುವವರಿಂದ ನಿರ್ದೇಶಕರವರೆಗೆ ಅರ್ಧಕ್ಕರ್ಧ ಹೆಂಗಸರು. ನಮ್ಮಲ್ಲಿ ಊರಿನ ಹೆಣ್ಣುಮಗಳು ದುಡ್ಡು ಕೊಡುತ್ತೇನೆಂದರೂ ದ್ರೌಪದಿಯ ಪಾರ್ಟು ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ವೃತ್ತಿನಟಿಯನ್ನು ಕರೆಸಬೇಕು. ಆಕೆ ಬಂದು ಇಳಿಯುವುದು ನಾಟಕದ ದಿನವೇ. ಎದುರು ನಿಲ್ಲುವ ಐವರು ಗಂಡಂದಿರನ್ನು ಅಲ್ಲಿಯವರೆಗೆ ಕಂಡಿರುವುದಿಲ್ಲ. ಮೇಷ್ಟ್ರ ಪಕ್ಕ ಕೂತು ‘ನಿಮ್ಮ ಭೀಮ ಯಾವ ಶ್ರುತಿ?’ ಎಂದು ಕೇಳಿಕೊಂಡು ಒಳಗೆ ಹೋಗುತ್ತಾಳೆ. ಎರಡು ತಿಂಗಳು ತಾಲೀಮು ಮಾಡಿದ ಭೀಮ ಮಾತು ಮರೆತರೆ ಅವನ ಮಾತನ್ನೂ ತನ್ನ ಮಾತಿನೊಳಗೆ ಸೇರಿಸಿ ಹೇಳಿ ಸೀನು ದಾಟಿಸುವವಳು ಆಕೆಯೇ. ಕರಪತ್ರದಲ್ಲಿ ಗಂಡಸರ ಫೋಟೊ ಸಾಲುಸಾಲಾಗಿ ಇರುತ್ತವೆ, ಆಕೆಯದು ಕೆಳಗೆಲ್ಲೋ. ಈಚೆಗೆ ಹೆಂಗಸರೇ ಸೇರಿ ಪೂರ್ತಿ ‘ಕುರುಕ್ಷೇತ್ರ’ ಆಡುವ ತಂಡಗಳೂ ಹುಟ್ಟಿಕೊಂಡಿವೆ, ಗದೆ ಹಿಡಿಯುವವರೂ ಅವರೇ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಕಡೆ ಹೋದರೆ ಹೊರಗೆ ಅಂಟಿಸಿದ ಪೋಸ್ಟರಿನಲ್ಲಿ ದುರ್ಯೋಧನನ ಫೋಟೊ ಯಾರದೆಂದು ನೋಡಿ. ಹೆಂಗಸಿನದಾದರೆ ಆ ರಾತ್ರಿ ಕೂತುಬಿಡಿ. ಚಳಿಗೆ ಹೊದೆಯಲು ಶಾಲು ಮಾತ್ರ ಮರೆಯಬೇಡಿ.