ಇವರಿಗೆ ನೀವು ಏನಾಗಬೇಕು?

"ಪೇಷಂಟ್ ಹೆಸರು?"

ಕೌಂಟರಿನ ಹಿಂದೆ ಕೂತಿದ್ದ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ನಾವು ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಮೆಲ್ಲಗೆ "ಲೆಫ್ಟಿ" ಅಂದ. ಮೇಡಂ ಬರೆದುಕೊಳ್ಳಲಿಲ್ಲ. "ಪೂರ್ತಿ ಹೆಸರು ಹೇಳಿ" ಅಂದರು.

ಆರು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಅವನ ಜೊತೆ ಫುಟ್‌ಬಾಲ್ ಆಡುತ್ತಿದ್ದೇವೆ. ಪೂರ್ತಿ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಅವನ ನಂಬರ್ "ಲೆಫ್ಟಿ ಫುಟ್‌ಬಾಲ್" ಅಂತ ಇದೆ. ಉಳಿದವರ ಫೋನಿನಲ್ಲೂ ಹಾಗೇ. ಅವನನ್ನೇ ಕೇಳೋಣ ಅಂದರೆ ಆಗಲೇ ವೀಲ್‌ಚೇರಿನಲ್ಲಿ ಕೂರಿಸಿ ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದರು. ಕೊನೆಗೆ ನಮ್ಮ ಕೀಪರಣ್ಣ ಅವನ ಬ್ಯಾಗಿನ ಜಿಪ್ ಎಳೆದರು. ಒದ್ದೆ ಸಾಕ್ಸ್, ಒಂದು ಟವೆಲ್, ಮಣ್ಣು ಮೆತ್ತಿದ ಶಿನ್‌ಗಾರ್ಡ್. ಅದರ ಕೆಳಗೆ ಪರ್ಸ್. ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್. ನಾನು ಯಾವತ್ತೂ ಕೇಳಿರದ ಉದ್ದನೆಯ ಹೆಸರು. ಲೆಕ್ಕ ಹಾಕಿದರೆ ವಯಸ್ಸು 43.

ಮೇಡಂ ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಬಂದರು.

"ಇವರಿಗೆ ನೀವು ಏನಾಗಬೇಕು?"

ಕೀಪರಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. "ನಾನು ಇವನ ಗೋಲ್‌ಕೀಪರ್, ಮೇಡಂ."

ಮೇಡಂ ತಲೆಯೆತ್ತಿ ನೋಡಿದರು. ನಗಲಿಲ್ಲ. ಕೀಪರಣ್ಣನೂ ನಗಲಿಲ್ಲ. ಅವರು ತಮಾಷೆಗೆ ಹೇಳಿರಲೇ ಇಲ್ಲ. ಅಣ್ಣ, ಭಾವ, ಮಾವ ಅಂತ ಹೇಳುವ ಹಾಗೆಯೇ ಹೇಳಿದ್ದರು. ಮೇಡಂ ಸ್ವಲ್ಪ ಹೊತ್ತು ಪೆನ್ನು ಆಡಿಸಿ "ಸ್ನೇಹಿತರು" ಅಂತ ಬರೆದುಕೊಂಡರು.

ಇದು ನಡೆದು ಐದು ದಿನ ಆಯಿತು. ಆ ಪ್ರಶ್ನೆ, ಆ ಉತ್ತರ ನನ್ನ ತಲೆಯಿಂದ ಹೋಗಿಲ್ಲ. ಕೆಲಸದ ಮಧ್ಯೆ, ರಾತ್ರಿ ಮಲಗಿದಾಗ, ಗಾಡಿ ಓಡಿಸುವಾಗ, ಸುಮ್ನೆ ಹಾಗೇ ಬಂದು ನಿಲ್ಲುತ್ತದೆ. ಏನಾಗಬೇಕು? ಸ್ನೇಹಿತರು ಅಂದರೆ ತಪ್ಪಲ್ಲ. ಆದರೆ ಸ್ನೇಹಿತನ ಹೆಸರಾದರೂ ಗೊತ್ತಿರಬೇಕು, ಅಲ್ವಾ?

ಅವತ್ತು ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. ಲೆಫ್ಟಿ ನಮ್ಮ ಎಡಗಡೆಯ ಬ್ಯಾಕ್. ಎದುರು ತಂಡದ ಇಪ್ಪತ್ತರ ಹುಡುಗನೊಬ್ಬ ಬಾಲ್ ತೆಗೆದುಕೊಂಡು ನಮ್ಮ ಗೋಲಿನ ಕಡೆ ಓಡಿದ. ಲೆಫ್ಟಿ ಹಿಂದೆ ಬಿದ್ದಿದ್ದ. ಅಷ್ಟು ದೂರ ಬಿಟ್ಟುಕೊಟ್ಟ ಮೇಲೆ ಬೇರೆ ಯಾರಾದರೂ ಓಟ ನಿಲ್ಲಿಸುತ್ತಿದ್ದರು. ಅವನು ನಿಲ್ಲಿಸುವ ಜಾತಿಯಲ್ಲ. ಹುಡುಗ ಒಳಗೆ ತಿರುಗಿದ. ಲೆಫ್ಟಿ ಕಾಲೂರಿ ತಿರುಗಿದ. ಪಾದ ನೆಲದಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಯಾರೂ ಅವನಿಗೆ ತಾಗಿರಲಿಲ್ಲ. ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಹೀಗೇ, ಇನ್ನೊಬ್ಬರ ಕಾಲು ತಗುಲದೆ. 'ಟಪ್' ಅಂತ ಸದ್ದು ಬಂತು. ಹತ್ತು ಅಡಿ ದೂರದಲ್ಲಿದ್ದ ನನಗೂ ಕೇಳಿಸಿತು.

ಬಾಲ್ ಎತ್ತ ಹೋಯಿತೋ ಯಾರೂ ನೋಡಲಿಲ್ಲ. ಎರಡೂ ತಂಡದವರು ಓಡಿ ಬಂದು ಸುತ್ತ ನಿಂತರು. ಬಿಸಿಲು ಬೀಳದಿರಲಿ ಅಂತಲೋ, ನೋವಿನಲ್ಲಿರುವ ಮುಖ ಬೇರೆಯವರಿಗೆ ಕಾಣದಿರಲಿ ಅಂತಲೋ. ಹಾಗೆ ನಿಲ್ಲಿ ಅಂತ ಯಾರೂ ಹೇಳಿರಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಆಟದ ಮಧ್ಯೆ ಎದೆಬಡಿತ ನಿಂತು ಕುಸಿದಾಗ ಡೆನ್ಮಾರ್ಕಿನ ಆಟಗಾರರು ಅವನ ಸುತ್ತ ಗೋಡೆಯ ಹಾಗೆ ನಿಂತಿದ್ದು ಕಣ್ಣಿಗೆ ಬಂತು. ಅವತ್ತು ಟಿವಿಯಲ್ಲಿ ನೋಡುತ್ತಾ ಅತ್ತಿದ್ದೆ. ಮೈದಾನಕ್ಕಿಳಿದಿದ್ದ ಎರಿಕ್ಸನ್‌ನ ಸಂಗಾತಿಯನ್ನು ಸಮಾಧಾನ ಮಾಡಿದವರು ಇಬ್ಬರು. ಒಬ್ಬ ಕ್ಯಾಪ್ಟನ್ ಸಿಮೋನ್ ಕೆಯರ್. ಇನ್ನೊಬ್ಬ ಕ್ಯಾಸ್ಪರ್ ಶ್ಮೈಕಲ್. ಅವನೂ ಕೀಪರ್.

ಕೀಪರ್‌ಗಳ ಬಗ್ಗೆ ನನಗೆ ಮೊದಲಿನಿಂದಲೂ ಬೇರೆಯದೇ ಗೌರವ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಮೊದಲ ಸಲ ತನ್ನ ನಿಯಮ ಬರೆದಾಗ ಗೋಲ್‌ಕೀಪರ್ ಅನ್ನುವ ಮಾತೇ ಅದರಲ್ಲಿ ಇರಲಿಲ್ಲ. ಅದು ಸೇರಿದ್ದು 1871ರಲ್ಲಿ. ಈಗ ಕೀಪರ್ ಇಲ್ಲದೆ ಆಟ ಊಹಿಸುವುದಕ್ಕೂ ಆಗುವುದಿಲ್ಲ. ಉಳಿದ ನಾವೆಲ್ಲ ಎದುರಾಳಿಯ ಮುಖ ನೋಡುತ್ತಾ ಆಡುತ್ತೇವೆ. ಕೀಪರ್ ನೋಡುವುದು ನಮ್ಮ ಬೆನ್ನು. ಯಾರು ಸುಸ್ತಾಗಿದ್ದಾನೆ, ಯಾರ ಕಾಲು ಎಳೆಯುತ್ತಿದೆ, ಯಾರ ಮನಸ್ಸು ಇವತ್ತು ಇಲ್ಲಿಲ್ಲ, ಎಲ್ಲ ಅವರಿಗೆ ಬೆನ್ನಿನಿಂದಲೇ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಕೀಪರಣ್ಣ ಆಟದ ಮಧ್ಯೆ "ಲೆಫ್ಟಿ, ಏನೋ ಆಗಿದೆ ನಿಂಗೆ" ಅಂತ ಕೂಗಿದ್ದರು. ಅವನು ತಿರುಗಿಯೂ ನೋಡಿರಲಿಲ್ಲ. ಆಟ ಮುಗಿದ ಮೇಲೆ ಶೂ ಬಿಚ್ಚುತ್ತಾ, ಕೆಲಸ ಹೋಗಿದೆ ಅಂತ ಹೇಳಿದ್ದ. ಯಾವ ಕೆಲಸ ಅಂತ ನಾವು ಕೇಳಲಿಲ್ಲ. ಮುಂದಿನ ಮೂರು ತಿಂಗಳು ಮೈದಾನದ ಬಾಡಿಗೆಯಲ್ಲಿ ಅವನ ಪಾಲನ್ನು ಯಾರೋ ಒಬ್ಬರು ಕೊಡುತ್ತಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನನಗೇನೋ ಕೀಪರಣ್ಣನ ಮೇಲೇ ಅನುಮಾನ.

ಎಕ್ಸ್‌ರೇ ನೋಡಿದ ಡಾಕ್ಟರ್ ಮೂಳೆ ಮುರಿದಿಲ್ಲ, ಎಂಆರ್‌ಐ ಮಾಡಿಸಬೇಕು ಅಂದರು. ಆಮೇಲೆ ನಮ್ಮ ಕಡೆ ತಿರುಗಿ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರ ಕೈಗೆ ಸಿಗುವುದು ಹರಿದ ಮಂಡಿಗಳು ಮಾತ್ರ. ಭಾನುವಾರ ಬೆಳಗ್ಗೆ ಆರೂವರೆಯ ಮೈದಾನ ಅವರಿಗೆ ಕಾಣುವುದಿಲ್ಲ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳಬೇಕು ಅನಿಸುತ್ತಿದೆ.

ಹೀಗೊಂದು ಲೆಕ್ಕ ಹಾಕಿ. ಮೈದಾನದಲ್ಲಿ 22 ಜನ, ಬಾಲ್ ಒಂದೇ. ಆಟ 90 ನಿಮಿಷ. ಸಮನಾಗಿ ಹಂಚಿದರೂ ಒಬ್ಬೊಬ್ಬರ ಕಾಲಿಗೆ ಬಾಲ್ ಸಿಗುವುದು ನಾಲ್ಕು ನಿಮಿಷ. ಬಾಲ್ ಹೊರಗೆ ಹೋದದ್ದು, ಗಾಳಿಯಲ್ಲಿ ಇದ್ದದ್ದು ಎಲ್ಲ ಕಳೆದರೆ ಇನ್ನೂ ಕಡಿಮೆ. ಹಾಗಾದರೆ ಉಳಿದ 86 ನಿಮಿಷ ಏನು ಮಾಡುತ್ತೇವೆ? ಇನ್ನೊಬ್ಬರಿಗಾಗಿ ಓಡುತ್ತೇವೆ. ಅವನಿಗೆ ಜಾಗ ಆಗಲಿ ಅಂತ ಇವನು ಆ ಕಡೆ ಓಡುತ್ತಾನೆ. ಬಾಲ್ ಬರುವುದಿಲ್ಲ ಅಂತ ಗೊತ್ತಿದ್ದೂ ಓಡುತ್ತಾನೆ. ಲೆಫ್ಟಿ ಮುಂದೆ ಹೋದಾಗ ಅವನ ಜಾಗಕ್ಕೆ ನಾನು ಇಳಿಯುತ್ತೇನೆ. ಅವನು ತಿರುಗಿ ನೋಡುವುದಿಲ್ಲ. ನಾನು ಇರುತ್ತೇನೆ ಅಂತ ಅವನಿಗೆ ಗೊತ್ತು. ಆರು ವರ್ಷದಲ್ಲಿ ಒಂದು ಸಲವೂ ತಿರುಗಿ ನೋಡಿಲ್ಲ. ನನ್ನನ್ನು ಅಷ್ಟು ನಂಬಿದವರು ಇನ್ನೆಷ್ಟು ಜನ ಇದ್ದಾರೆ?

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳುವುದು ಕಷ್ಟ. ಅವನ ಮನೆ ಯಾವ ರಸ್ತೆಯಲ್ಲಿದೆ ನನಗೆ ಗೊತ್ತಿಲ್ಲ. ಆದರೆ ಒತ್ತಡ ಬಂದರೆ ಹೊರಗಡೆ ತಿರುಗುತ್ತಾನೆ, ಒಳಗೆ ತಿರುಗುವುದಿಲ್ಲ ಅಂತ ಗೊತ್ತು. ತಪ್ಪು ಮಾಡಿದರೆ ಎಡಗೈ ಎತ್ತುತ್ತಾನೆ. ಬೈದರೆ ಸಹಿಸುತ್ತಾನೆ, ಚಿಕ್ಕ ಹುಡುಗರಿಗೆ ಬೈದರೆ ಸಹಿಸುವುದಿಲ್ಲ. ಸೋಲುತ್ತಿರುವಾಗ ಹೊರಗೆ ಹೋದ ಬಾಲ್ ತರಲು ಅವನೇ ಓಡುತ್ತಾನೆ. ಗೆಲ್ಲುತ್ತಿರುವಾಗಲೂ ಅವನೇ ಓಡುತ್ತಾನೆ, ಸಮಯ ಕೊಲ್ಲುವುದು ಅವನಿಗೆ ಆಗದು. ಒಬ್ಬ ಮನುಷ್ಯನನ್ನು ತಿಳಿಯುವುದು ಅಂದರೆ ಇದೂ ಅಲ್ವಾ? ನನಗಂತೂ ಹೆಸರು, ಊರು, ಸಂಬಳಕ್ಕಿಂತ ಇದು ದೊಡ್ಡದು.

ಗೆಲ್ಲುವುದಕ್ಕೇ ಆಡುತ್ತಾರೆ ಅಂತ ಅಂದುಕೊಂಡವರಿಗೆ ಅಮೆರಿಕನ್ ಸಮೋವಾದ ಕೀಪರ್ ನಿಕಿ ಸಲಾಪು ಕಥೆ ಹೇಳಬೇಕು. 2001ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಆಸ್ಟ್ರೇಲಿಯಾ ಅವರ ತಂಡಕ್ಕೆ 31 ಗೋಲು ಹೊಡೆಯಿತು. ಇವರದ್ದು ಸೊನ್ನೆ. ಮೂವತ್ತೊಂದು ಸಲ ಬಲೆಯಿಂದ ಬಾಲ್ ತೆಗೆದ ಮನುಷ್ಯ ಆಟ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. 2011ರಲ್ಲಿ ಆ ತಂಡ ಟೊಂಗಾವನ್ನು 2-1ರಿಂದ ಸೋಲಿಸಿ ಫಿಫಾ ಮಾನ್ಯತೆ ಇರುವ ಪಂದ್ಯದಲ್ಲಿ ತನ್ನ ಮೊದಲ ಗೆಲುವು ಕಂಡಾಗ ಗೋಲಿನಲ್ಲಿ ಇದ್ದವನು ಅವನೇ. ಹತ್ತು ವರ್ಷ! ದುಡ್ಡಿಗಾಗಿ ಯಾರೂ ಹಾಗೆ ಕಾಯುವುದಿಲ್ಲ.

ಆಸ್ಪತ್ರೆಯ ಬೆಂಚಿಗೆ ಮತ್ತೆ ಬರುತ್ತೇನೆ. ಅಲ್ಲಿಗೆ ಬಂದ ಆರು ಜನರಲ್ಲಿ ಒಬ್ಬ ನಮ್ಮ ಸ್ಟ್ರೈಕರ್. ನಿಜ ಹೇಳಬೇಕೆಂದರೆ ನನಗೆ ಅವನು ಅಷ್ಟಾಗಿ ಇಷ್ಟವಿಲ್ಲ. ಹಿಂದೆ ಬಂದು ಡಿಫೆಂಡ್ ಮಾಡುವುದಿಲ್ಲ. ಪ್ರತಿ ಹ್ಯಾಂಡ್‌ಬಾಲಿಗೂ ಜಗಳ ತೆಗೆಯುತ್ತಾನೆ. ಲೆಫ್ಟಿಯ ಜೊತೆಯಂತೂ ವಾರ ವಾರವೂ ಜಗಳ. ಅವತ್ತು ಅವನೇ ಲೆಫ್ಟಿಯನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಹಿಂದಿನ ಸೀಟಿನಲ್ಲಿ ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಂಡ. ಮಧ್ಯಾಹ್ನದವರೆಗೂ ಕದಲಲಿಲ್ಲ. ತಂಡದ ಇನ್ನೊಬ್ಬ, ಯಾವಾಗಲೂ "ನಾವೆಲ್ಲ ಒಂದೇ ಫ್ಯಾಮಿಲಿ" ಅಂತ ಮೆಸೇಜ್ ಹಾಕುವವನು, ಮೈದಾನದಿಂದಲೇ ಮನೆಗೆ ಹೋದ. ಅವನಿಗೆ ಏನು ಕೆಲಸವಿತ್ತೋ ಗೊತ್ತಿಲ್ಲ. ಆದರೂ ನನಗೆ ಬೇಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಹತ್ತೂವರೆ ಹೊತ್ತಿಗೆ ಲೆಫ್ಟಿಯ ಹೆಂಡತಿ ಬಂದರು. ಅವನೇ ಒಳಗಿನಿಂದ ನರ್ಸ್ ಕೈಯಲ್ಲಿ ಫೋನ್ ಮಾಡಿಸಿದ್ದ. ನಾವು ಅವರನ್ನು ಯಾವತ್ತೂ ನೋಡಿರಲಿಲ್ಲ. ಗಾಬರಿಯಲ್ಲಿ ಬಂದವರು, ಮಣ್ಣಾದ ಜರ್ಸಿಯ ಆರು ಜನರನ್ನು ನೋಡಿ ಬಾಗಿಲಲ್ಲೇ ನಿಂತರು. ಏನು ಹೇಳುವುದು, ನಾವು ಯಾರು ಅಂತ ಹೇಗೆ ಪರಿಚಯ ಮಾಡಿಕೊಳ್ಳುವುದು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

"ನೀವು ಕೀಪರಣ್ಣ ಅಲ್ವಾ?"

ಕೀಪರಣ್ಣ ಎದ್ದು ನಿಂತರು. ಅವರ ಕೈಯಲ್ಲಿ ಗ್ಲೌಸ್ ಇನ್ನೂ ಹಾಗೇ ಇತ್ತು, ಅದರಿಂದ ಗುರುತಿಸಿದರೋ ಏನೋ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನ ಕಡೆ ನೋಡಿ "ನೀವು ಇವರ ಮುಂದೆ ಆಡೋರು" ಅಂದರು. ಸ್ಟ್ರೈಕರ್ ಕಡೆ ತಿರುಗಿ, ಅಷ್ಟು ಗಾಬರಿಯಲ್ಲೂ ಮುಖ ಸ್ವಲ್ಪ ಸಡಿಲವಾಗಿ, "ನೀವು ಹಿಂದೆ ಬರೋದೇ ಇಲ್ವಂತೆ" ಅಂದರು. ಸ್ಟ್ರೈಕರ್ ತಲೆ ತಗ್ಗಿಸಿದ. ಅವನ ಕಣ್ಣು ತುಂಬಿತ್ತು.

ಅವರಿಗೂ ನಮ್ಮ ಹೆಸರು ಗೊತ್ತಿರಲಿಲ್ಲ. ನಾವು ಮಾತ್ರ ಗೊತ್ತಿದ್ದೆವು. ಆರು ವರ್ಷ, ಪ್ರತಿ ಭಾನುವಾರ, ಅವನು ನಮ್ಮನ್ನು ಹೀಗೆ ಮನೆಗೆ ಕರೆದುಕೊಂಡು ಹೋಗಿದ್ದ. ನಾನು ನನ್ನ ಮನೆಯಲ್ಲಿ ಅವನ ಬಗ್ಗೆ ಎಷ್ಟು ಹೇಳಿದ್ದೇನೆ ಅಂತ ಆಗ ನೆನಪು ಮಾಡಿಕೊಂಡೆ. ಬೇಕಾದಷ್ಟು ಹೇಳಿದ್ದೆ. ನನ್ನ ಮಗಳಿಗೂ ಲೆಫ್ಟಿ ಗೊತ್ತು. ಅವನು ಎಡಗಾಲಲ್ಲಿ ಕಾರ್ನರಿನಿಂದ ನೇರ ಗೋಲು ಹೊಡೆದಿದ್ದು ಗೊತ್ತು.

ಎಂಆರ್‌ಐ ಬುಧವಾರ ಆಯಿತು. ಎಸಿಎಲ್ ಪೂರ್ತಿ ಹರಿದಿದೆ. ಆಪರೇಷನ್ ಬೇಕು. ಆಮೇಲೆ ಮತ್ತೆ ಆಡಲು ಕಡಿಮೆಯೆಂದರೂ ಒಂಬತ್ತು ತಿಂಗಳು. ಎರಿಕ್ಸನ್ ಎದೆಯೊಳಗೆ ಯಂತ್ರ ಇಟ್ಟುಕೊಂಡು ಎಂಟು ತಿಂಗಳಿಗೆ ಮತ್ತೆ ಮೈದಾನಕ್ಕೆ ಇಳಿದ ಅಂತ ನಾನು ಫೋನಿನಲ್ಲಿ ಹೇಳಿದೆ. ಲೆಫ್ಟಿ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಆ ಹುಡುಗ ಗೋಲು ಹೊಡೆದ್ನಾ?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಗ್ರೂಪಿನಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಎದುರು ತಂಡದವರೊಬ್ಬರು ಹೇಳಿದರು, ಆ ಹುಡುಗ ಸದ್ದು ಕೇಳಿದ ತಕ್ಷಣ ಬಾಲನ್ನು ಹೊರಗೆ ಒದ್ದಿದ್ದನಂತೆ. ಎದುರಿಗೆ ಕೀಪರಣ್ಣ ಒಬ್ಬರೇ ಇದ್ದರು. ಹೊಡೆದಿದ್ದರೆ ಗೋಲು. ಇಪ್ಪತ್ತರ ಹುಡುಗ, ಗೋಲು ಹೊಡೆಯುವ ಹಸಿವಿರುವ ವಯಸ್ಸು. ಅವನ ಹೆಸರೂ ನಮಗೆ ಗೊತ್ತಿಲ್ಲ.

ಲೆಫ್ಟಿಗೆ ಹೇಳಿದೆ. "ಒಳ್ಳೇ ಹುಡುಗ" ಅಂದ.

ನಮ್ಮಲ್ಲಿ ಭಾನುವಾರದ ಲಿಸ್ಟ್ ಗುರುವಾರ ರಾತ್ರಿಯೇ ಶುರುವಾಗುತ್ತದೆ. ಬರುವವರು ಗ್ರೂಪಿನಲ್ಲಿ ಒಬ್ಬರ ಕೆಳಗೆ ಒಬ್ಬರು ನಂಬರ್ ಹಾಕಿ ಹೆಸರು ಬರೆಯಬೇಕು. 1 ಯಾವಾಗಲೂ ಕೀಪರಣ್ಣ. 3 ಯಾವಾಗಲೂ ಲೆಫ್ಟಿ, ಅದು ಅವನ ಜರ್ಸಿ ನಂಬರ್. ನಿನ್ನೆ ರಾತ್ರಿ ಕೀಪರಣ್ಣ ಲಿಸ್ಟ್ ಶುರು ಮಾಡಿದರು. 2ಕ್ಕೆ ನಾನು ಬರೆದೆ. ಅದರ ಕೆಳಗೆ ಸ್ಟ್ರೈಕರ್ ತನ್ನ ಹೆಸರು ಹಾಕಿದ. ನಂಬರ್ 4. ಆಮೇಲೆ 5, 6, 7. ಹನ್ನೊಂದೂವರೆಯವರೆಗೆ 15 ಆಯಿತು. ಯಾರೂ ಏನೂ ಕೇಳಲಿಲ್ಲ.

ಇವತ್ತು ಬೆಳಗ್ಗೆ ಎದ್ದು ನೋಡಿದರೆ ಮಧ್ಯದಲ್ಲಿ ಒಂದು ಸಾಲು ಸೇರಿತ್ತು. 3. ಲೆಫ್ಟಿ. ಪಕ್ಕದಲ್ಲಿ, "ಒಂದು ಕುರ್ಚಿ ತರಬೇಕು."