ಸುತ್ತಿಗೆ ತಾಗಿದರೂ ಕಾಲು ಎಗರಲಿಲ್ಲ ಅಂದರೆ?

"ಡಾಕ್ಟ್ರೇ, ಮಂಡಿಗೆ ಹೊಡೆದ್ರೂ ಕಾಲು ಎಗರಲೇ ಇಲ್ವಲ್ಲ, ನರ ಸತ್ತುಹೋಗಿದ್ಯಾ?" ಪರೀಕ್ಷೆ ಮುಗಿಸಿ ಚಪ್ಪಲಿ ಮೆಟ್ಟುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ನನ್ನ ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು.

ಮಂಡಿಚಿಪ್ಪಿನ ಕೆಳಗೆ ಪೆಟ್ಟು ಬಿದ್ದಾಗ ತೊಡೆಯ ಮುಂಭಾಗದ ಸ್ನಾಯು ಕ್ಷಣಮಾತ್ರ ಹಿಗ್ಗುತ್ತದೆ. ಆ ಸುದ್ದಿ ಸೊಂಟದ ಭಾಗದ ನರಗಳ ಮೂಲಕ ಬೆನ್ನುಹುರಿ ಮುಟ್ಟಿ, ಅಲ್ಲಿಂದಲೇ ವಾಪಸು ಬಂದು ಸ್ನಾಯುವನ್ನು ಸೆಳೆಯುತ್ತದೆ. ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಆದರೆ ಕಡಿವಾಣ ಮೆದುಳಿನ ಕೈಯಲ್ಲೇ ಇರುತ್ತದೆ. ಹಾಗಾಗಿ ಈ ದಾರಿ ಕೆಟ್ಟರೆ ಕಾಲು ಎಗರದು. ಕಡಿವಾಣ ಸಡಿಲವಾದರೆ ವಿಪರೀತ ಎಗರುತ್ತದೆ.

ಎಗರದ ಕಾಲಿಗೆ ಬಹಳ ಸಲ ಕಾರಣ ಸ್ನಾಯು ಬಿಗಿಹಿಡಿದು ಕೂತಿರುವುದಷ್ಟೇ. ಆಗ ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿ ಜೋರಾಗಿ ಎಳೆಯಿರಿ ಅನ್ನುತ್ತೇನೆ. ಹಂಗೇರಿಯ ವೈದ್ಯ ಯೆಂಡ್ರಾಸಿಕ್ 19ನೇ ಶತಮಾನದಲ್ಲಿ ಕಂಡುಕೊಂಡ ಉಪಾಯ. ಎಷ್ಟೋ ಕಾಲುಗಳು ಆಗ ಎಗರುತ್ತವೆ. ಆರೋಗ್ಯವಂತರಲ್ಲೂ ಕೆಲವರಿಗೆ ಎರಡೂ ಕಡೆ ಮಂದವೇ. ವಯಸ್ಸಾದವರಲ್ಲಿ ಹಿಮ್ಮಡಿಯ ಪ್ರತಿವರ್ತನೆ, ಅಂದರೆ ಹಿಮ್ಮಡಿಯ ಹಿಂದೆ ತಟ್ಟಿದಾಗ ಪಾದ ತಾನಾಗಿ ಎಗರುವುದು, ಸಿಗದಿರುವುದುಂಟು. ಹಳೆಯ ಸಕ್ಕರೆ ಕಾಯಿಲೆಯಲ್ಲೂ ಮೊದಲು ಕೈಕೊಡುವುದು ಅದೇ, ಆದ್ದರಿಂದ ಪಾದ ಜೋಮು ಹಿಡಿಯುತ್ತದಾ ಎಂದು ಕೇಳುತ್ತೇನೆ. ನನಗೆ ತೀರಾ ಇಷ್ಟವಾದದ್ದು ಥೈರಾಯ್ಡ್ ಕಡಿಮೆಯಿರುವವರ ಹಿಮ್ಮಡಿ: ಪಾದ ಎಗರುವುದೇನೋ ಎಗರುತ್ತದೆ, ಮರಳುವುದಕ್ಕೆ ಮಾತ್ರ ಅವಸರವೇ ಇಲ್ಲ!

ನಾನು ಗಾಬರಿಯಾಗುವುದು ಬೇರೆ ಕಡೆ. ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುತ್ತ ಬಂದು ಪ್ರತಿವರ್ತನೆಗಳೂ ಮಾಯವಾದರೆ ಗಿಲಾನ್-ಬಾರೆ ಎಂಬ ನರಗಳ ಕಾಯಿಲೆ ಇರಬಹುದು. ಉಸಿರಾಟಕ್ಕೂ ತಟ್ಟುವ ಕಾಯಿಲೆ, ಕೂಡಲೇ ಅಡ್ಮಿಟ್ ಆಗಬೇಕು. ಒಂದೇ ಬದಿಯ ಕೈಕಾಲು ಜೋರಾಗಿ ಎಗರಿ, ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆದ್ದರೆ ತೊಂದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ಇದೆ. 1896ರಲ್ಲಿ ಫ್ರಾನ್ಸಿನ ವೈದ್ಯ ಬಾಬಿನ್ಸ್ಕಿ ವಿವರಿಸಿದ, ಹೆಬ್ಬೆರಳು ಮೇಲೇಳುವ ಈ ಲಕ್ಷಣ ಒಂದು ವರ್ಷದೊಳಗಿನ ಕೂಸುಗಳಲ್ಲಿ ಸಹಜ, ಮನೆಯಲ್ಲಿ ಗೀರಿ ನೋಡಿ ಹೆದರಬೇಡಿ. ಪಾರ್ಶ್ವವಾಯು ಹೊಡೆದ ಮೊದಲ ದಿನಗಳಲ್ಲಿ ಎಗರಬೇಕಾದ ಕಾಲೂ ಸುಮ್ಮನಿರಬಹುದು. ಅದಕ್ಕೇ ಸುತ್ತಿಗೆಯೊಂದನ್ನೇ ನಂಬಿ ನಾನು ಯಾವುದನ್ನೂ ತೀರ್ಮಾನಿಸುವುದಿಲ್ಲ.

ಇನ್ನು ರಿಪೋರ್ಟಿನ ಫೋಟೋ ಕಳಿಸಿ "3+ ಅಂದ್ರೆ ಮೂರನೇ ಸ್ಟೇಜಾ ಸಾರ್?" ಅನ್ನುವವರಿಗೆ: ಅಲ್ಲ ಮಾರಾಯ್ರೇ, ಅದು ಪ್ರತಿವರ್ತನೆ ಎಷ್ಟು ಜೋರು ಎಂದು ಹೇಳುವ ಅಂಕೆ. 0 ಅಂದರೆ ಇಲ್ಲ, 2 ಸಾಧಾರಣ, 3 ಚುರುಕು, 4 ಅಂದರೆ ಬಿಡದೆ ಅದುರುವಷ್ಟು ಜೋರು. ಆತಂಕದವರಿಗೆ 3 ಬರುವುದು ಮಾಮೂಲು. ಎಡಕ್ಕೂ ಬಲಕ್ಕೂ ಒಂದೇ ಅಂಕೆ ಇದೆಯಾ ನೋಡಿ. ಇಲ್ಲದಿದ್ದರೆ ಯಾಕೆಂದು ಬರೆದ ಡಾಕ್ಟರನ್ನೇ ಕೇಳಿ.